ಕೆರಿಬಿಯನ್ ಕ್ರೂಸ್‌ನಲ್ಲಿ ಸ್ನಾರ್ಕೆಲಿಂಗ್: ಯಾವ ಬಂದರಿನ ಯಾವ ಟ್ರಿಪ್ ಯಾರಿಗೆ ಆರಾಮ?

ಕ್ರೂಸ್ ಬುಕ್ ಮಾಡಿ ಮುಗಿಸಿದ ಮೇಲೆ ಮುಂದಿನ ತಲೆನೋವು ಎಕ್ಸ್‌ಕರ್ಷನ್ ಪಟ್ಟಿ, ಅಂದರೆ ಬಂದರಿನಲ್ಲಿ ಇಳಿದು ಹೋಗಿಬರುವ ಟ್ರಿಪ್‌ಗಳ ಪಟ್ಟಿ. ಒಂದೊಂದು ಬಂದರಿಗೂ ಹತ್ತಾರು ಸ್ನಾರ್ಕೆಲಿಂಗ್ ಟ್ರಿಪ್, ಅಂದರೆ ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲಿಕೊಂಡು ಕೆಳಗಿನ ಮೀನು ನೋಡುವ ಟ್ರಿಪ್. ಎಲ್ಲದರ ಫೋಟೋದಲ್ಲೂ ಅದೇ ತಿಳಿನೀಲಿ ನೀರು, ಅವೇ ಬಣ್ಣಬಣ್ಣದ ಮೀನು. ಬೆಲೆ ಬಿಟ್ಟರೆ ಇವಕ್ಕೆಲ್ಲ ಏನು ವ್ಯತ್ಯಾಸ ಅಂತ ಆ ಪಟ್ಟಿ ಓದಿದರೆ ತಿಳಿಯುವುದೇ ಇಲ್ಲ.

ಅಮೆರಿಕದಲ್ಲಿರುವ ಕನ್ನಡದ ಮನೆಯವರು ಗ್ಯಾಲ್ವೆಸ್ಟನ್‌ನಿಂದಲೋ ಮಯಾಮಿಯಿಂದಲೋ ಕ್ರೂಸ್ ಹತ್ತುವುದು ಹೆಚ್ಚಾಗಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ. ಆ ಗುಂಪನ್ನು ಒಮ್ಮೆ ನೋಡಿ. ಈಜು ಕ್ಲಾಸಿಗೆ ಹೋಗುವ ಮಕ್ಕಳಿರುತ್ತಾರೆ. ಪೂಲ್‌ನ ಈ ತುದಿಯಿಂದ ಆ ತುದಿಗೆ ಹೇಗೋ ಹೋಗಿ ಮುಟ್ಟುವ ಅಪ್ಪ ಇರುತ್ತಾನೆ. ಎದೆಮಟ್ಟದ ನೀರಿಗೂ ಹೆದರುವ ಅಮ್ಮ, ಮಂಡಿನೋವಿನ ಅಜ್ಜಿ, ಬಿಪಿ ಮಾತ್ರೆ ನುಂಗುವ ತಾತ. ಇವರೆಲ್ಲರಿಗೂ ಒಂದೇ ಟ್ರಿಪ್ ಆರಾಮ ಆಗುತ್ತದೆಯೇ? ಕೆಲವು ಬಂದರುಗಳಲ್ಲಿ ಆಗುತ್ತದೆ, ಕೆಲವು ಕಡೆ ಖಂಡಿತ ಆಗುವುದಿಲ್ಲ. ಇಂಥ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಟ್ಟಿಗೆ ಮೀನು, ಹವಳ ಎಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಇಷ್ಟು: ನೀರಿಗೆ ಹೇಗೆ ಇಳಿಯುತ್ತೀರಿ, ಹೇಗೆ ಮೇಲೆ ಬರುತ್ತೀರಿ? ಹವಳ ಎಷ್ಟು ಚೆನ್ನಾಗಿದ್ದರೂ, ಬೋಟ್ ಹತ್ತಲಾಗದೆ ಏಣಿ ಹಿಡಿದು ನೇತಾಡಿದವರಿಗೆ ಆ ದಿನವೆಲ್ಲ ಅದೇ ನೆನಪು ಉಳಿಯುತ್ತದೆ. ಎರಡನೆಯದು ಬೋಟ್‌ನಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನೋದು. ಮೂರನೆಯದು ಒಬ್ಬ ಗೈಡ್‌ಗೆ ಎಷ್ಟು ಜನ. ಈ ಮೂರಕ್ಕೂ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗೇ ಕಡಿಮೆಯಾಗುತ್ತದೆ.

ದಡ, ಕ್ಯಾಟಮರಾನ್, ಸಣ್ಣ ಬೋಟ್

ದಡದಿಂದ ಇಳಿಯುವುದು ಎಲ್ಲಕ್ಕಿಂತ ಸುಲಭ. ಮರಳಿನ ಮೇಲೆ ನಡೆದು, ಸೊಂಟಮಟ್ಟದ ನೀರಿನಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು ಮುಖ ಮುಳುಗಿಸಿ ನೋಡಬಹುದು. ಹೆದರಿಕೆ ಆಯಿತಾ, ಎದ್ದು ನಿಂತರಾಯಿತು. ಬೇಡ ಅನ್ನಿಸಿದವರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದು. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಒಂದೇ ತೊಂದರೆ ಅಂದರೆ ದಡದ ಹತ್ತಿರವೇ ಒಳ್ಳೆಯ ಹವಳ ಇರುವ ಜಾಗಗಳು ಕಡಿಮೆ.

ಕ್ಯಾಟಮರಾನ್ ಅಂದರೆ ಎರಡು ತಳ ಇರುವ ಅಗಲವಾದ ದೋಣಿ. ಅಗಲ ಇರುವುದರಿಂದ ಓಲಾಡುವುದು ಕಡಿಮೆ. ನೆರಳು ಇರುತ್ತದೆ, ಸಾಮಾನ್ಯವಾಗಿ ಟಾಯ್ಲೆಟ್ ಇರುತ್ತದೆ. ಎಷ್ಟೋ ಕ್ಯಾಟಮರಾನ್‌ಗಳಲ್ಲಿ ನೀರಿನವರೆಗೆ ಅಗಲವಾದ ಮೆಟ್ಟಿಲುಗಳೇ ಇರುತ್ತವೆ. ನಮ್ಮ ಅತ್ತೆ, ಮನೆಯಲ್ಲಿ ಮಹಡಿ ಹತ್ತುವಾಗಲೂ ಕಂಬಿ ಹಿಡಿಯುವವರು. ಅಂಥ ಮೆಟ್ಟಿಲ ಮೇಲೆ ಕೂತು, ಸೊಂಟದವರೆಗೆ ನೀರಿನಲ್ಲಿದ್ದು, ಮಾಸ್ಕ್ ಹಾಕಿ ಬಗ್ಗಿ ಬಗ್ಗಿ ಮೀನು ನೋಡಿದರು. ಪೂರ್ತಿ ಇಳಿಯಲೇ ಇಲ್ಲ, ಆದರೂ ಅವರಿಗೆ ಅಷ್ಟೇ ಸಾಕಾಗಿತ್ತು. ಕ್ಯಾಟಮರಾನ್‌ನ ಕೊರತೆ ಅಂದರೆ ಜನ. ಐವತ್ತು ಅರವತ್ತು ಜನ ಒಟ್ಟಿಗೆ ನೀರಿಗೆ ಬಿದ್ದರೆ ಒಬ್ಬರು ಕಾಲಿಗೆ ಹಾಕಿಕೊಂಡ ಫಿನ್ (ಈಜುರೆಕ್ಕೆ) ಇನ್ನೊಬ್ಬರ ಮುಖಕ್ಕೆ ತಾಗುತ್ತದೆ. ತಳದ ಮರಳು ಎದ್ದು ನೀರು ಮಬ್ಬಾಗುತ್ತದೆ. ವಾಪಸ್ ಬರುವಾಗ ಜೋರು ಹಾಡು, ರಮ್ ಪಂಚ್ ಇರುತ್ತದೆ. ಕೆಲವರಿಗೆ ಅದೇ ಖುಷಿ, ಕೆಲವರಿಗೆ ಕಿರಿಕಿರಿ.

ಸಣ್ಣ ಬೋಟ್‌ನಲ್ಲಿ ಆರರಿಂದ ಹನ್ನೆರಡು ಜನ ಇರುತ್ತಾರೆ. ಗೈಡ್ ನಿಮ್ಮ ಜೊತೆಗೇ ನೀರಿನಲ್ಲಿದ್ದು, "ಅಲ್ಲಿ ನೋಡಿ, ಬಂಡೆ ಕೆಳಗೆ" ಅಂತ ತೋರಿಸುತ್ತಾನೆ. ನೋಡಲು ಸಿಗುವುದು ಜಾಸ್ತಿ, ಗಲಾಟೆ ಕಡಿಮೆ. ಆದರೆ ಟಾಯ್ಲೆಟ್ ಇರುವುದಿಲ್ಲ, ನೆರಳು ಸ್ವಲ್ಪವೇ, ಅಲೆ ಇದ್ದರೆ ಬೆನ್ನಿಗೆ ಏಟು. ಇನ್ನು ಆ ಏಣಿ.

ಏಣಿಯ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ, ಹಾಗಾಗಿ ನಾನು ಬಿಡಿಸಿ ಹೇಳುತ್ತೇನೆ. ಬೋಟ್‌ನ ಹಿಂದೆ ಅಥವಾ ಪಕ್ಕದಲ್ಲಿ ಸ್ಟೀಲ್ ಏಣಿ ತಗುಲಿಸಿರುತ್ತಾರೆ. ನೀರಿನೊಳಗೆ ಇರುವುದು ಎರಡೋ ಮೂರೋ ಮೆಟ್ಟಿಲು. ಮೊದಲ ಮೆಟ್ಟಿಲಿಗೆ ಕಾಲಿಡಬೇಕಾದರೆ ಮಂಡಿಯನ್ನು ಚೆನ್ನಾಗಿ ಮೇಲೆತ್ತಬೇಕು. ಅಷ್ಟರಲ್ಲಿ ಅಲೆ ಬಂದು ಬೋಟ್ ಏಳುತ್ತದೆ, ಏಣಿ ಕೈಯಿಂದ ಜಾರುತ್ತದೆ. ಇದಕ್ಕೊಂದು ಕ್ರಮ ಇದೆ. ಮೊದಲು ಒಂದು ಕೈಯಲ್ಲಿ ಏಣಿ ಹಿಡಿದು, ಒಂದೊಂದೇ ಫಿನ್ ಬಿಚ್ಚಿ ಮೇಲಿರುವ ಹುಡುಗನ ಕೈಗೆ ಕೊಡಬೇಕು. ಫಿನ್ ಹಾಕಿಕೊಂಡು ಏಣಿ ಹತ್ತಲು ಹೋದರೆ ಜಾರಿ ಬೀಳುವುದು ಗ್ಯಾರಂಟಿ. ಮಾಸ್ಕ್ ಮುಖದ ಮೇಲೆಯೇ ಇರಲಿ, ನೀರು ಎರಚಿದರೂ ಕಣ್ಣು ಬಿಟ್ಟುಕೊಂಡು ನೋಡಬಹುದು. ಬೋಟ್ ಕೆಳಗಿಳಿದಾಗ ಕಾಲಿಡಿ, ಅದು ಏಳುವಾಗ ಅದರ ಜೊತೆಗೇ ಏಳಿ. ಅವಸರ ಬೇಡ, ಹಿಂದೆ ಇರುವವರು ಕಾಯುತ್ತಾರೆ. ಆದರೆ ಏಣಿಯ ಕೆಳಗೆ ಮಾತ್ರ ಯಾರೂ ಇರಬಾರದು, ಮೇಲಿನವರು ಜಾರಿದರೆ ಅವರ ಮೇಲೇ ಬೀಳುತ್ತಾರೆ.

ಮಂಡಿನೋವು, ಭುಜದ ನೋವು ಇರುವವರಿಗೆ ಸಣ್ಣ ಬೋಟ್ ಬೇಡ. ಎಷ್ಟು ಒಳ್ಳೆಯ ಗೈಡ್ ಇದ್ದರೂ ಬೇಡ.

ನೇತ್ರಾಣಿಗೆ ಹೋಗಿ ಬಂದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಮುರುಡೇಶ್ವರದಿಂದ ತೆರೆದ ಸಮುದ್ರದಲ್ಲಿ ಹೋಗಿ, ಬೋಟ್‌ನಿಂದಲೇ ನೇರ ಆಳದ ನೀರಿಗೆ ಇಳಿಯಬೇಕು, ಅಲ್ವಾ? ಅದು ನಿಮಗೆ ಹಿತವಾಗಿದ್ದರೆ ಕೆರಿಬಿಯನ್‌ನ ಯಾವ ಬೋಟ್ ಟ್ರಿಪ್ಪೂ ಕಷ್ಟವಲ್ಲ. ಅಲ್ಲಿ ಭಯವಾಗಿದ್ದರೆ ಇಲ್ಲಿ ದಡದ ಜಾಗವನ್ನೇ ಹುಡುಕಿ.

ಕೊಜುಮೆಲ್: ಒಂದೇ ದ್ವೀಪ, ಮೂರು ಬಗೆಯ ದಿನ

ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಹಡಗು ನೇರವಾಗಿ ಕಟ್ಟೆಗೆ ಬಂದು ನಿಲ್ಲುತ್ತದೆ. ಇಳಿದು ನಡೆದರೆ ಸಾಕು, ಇನ್ನೊಂದು ದೋಣಿ ಹತ್ತಬೇಕಿಲ್ಲ. ವಯಸ್ಸಾದವರಿಗೆ ಇದೇ ದೊಡ್ಡ ಅನುಕೂಲ. ಇಲ್ಲಿನ ಹವಳ ಮೆಸೊಅಮೆರಿಕನ್ ಹವಳದ ಸಾಲಿನ ಭಾಗ. ಯುಕಟಾನ್‌ನಿಂದ ಹೊಂಡುರಾಸ್‌ವರೆಗೆ ಸುಮಾರು 1000 ಕಿಲೋಮೀಟರ್ ಹಬ್ಬಿರುವ ಸಾಲು ಅದು. ಕೊಜುಮೆಲ್‌ನ ನೈಋತ್ಯ ಭಾಗದ ಹವಳವನ್ನು 1996ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿದರು.

ಬೋಟ್ ಟ್ರಿಪ್‌ಗಳಲ್ಲಿ ಹೆಚ್ಚು ಮಾರಾಟವಾಗುವುದು ಪಲಾಂಕಾರ್, ಕೊಲಂಬಿಯಾ, ಎಲ್ ಸಿಯೆಲೊ ಮೂರೂ ಸೇರಿದ ಟ್ರಿಪ್. ಪಲಾಂಕಾರ್, ಕೊಲಂಬಿಯಾ ಎರಡೂ ಹವಳದ ಜಾಗಗಳು. ಇಲ್ಲಿ ನೀರಿನ ಸೆಳೆತ ಇರುತ್ತದೆ, ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ. ಹಾಗಾಗಿ ಇಲ್ಲಿ ಈಜುವುದಕ್ಕಿಂತ ತೇಲಿಕೊಂಡು ಹೋಗುವುದೇ ಜಾಸ್ತಿ. ಒಂದು ಕಡೆ ಇಳಿಸುತ್ತಾರೆ, ಸೆಳೆತ ನಿಮ್ಮನ್ನು ಒಯ್ಯುತ್ತದೆ, ಬೋಟ್ ಹಿಂದೆಯೇ ಬಂದು ಮುಂದೆ ಎಲ್ಲೋ ಹತ್ತಿಸಿಕೊಳ್ಳುತ್ತದೆ. ಸೆಳೆತ ಅಂದಾಕ್ಷಣ ಹೆದರಬೇಡಿ. ಲೈಫ್ ಜಾಕೆಟ್ ಹಾಕಿಕೊಂಡು ಸುಮ್ನೆ ಮಲಗಿದ ಹಾಗೆ ತೇಲುವುದು, ಈಜು ಬಾರದವರಿಗೂ ಕೆಲವೊಮ್ಮೆ ದಣಿವಿಲ್ಲದ ಕೆಲಸ. ಕಷ್ಟ ಆಗುವುದು ಸೆಳೆತಕ್ಕೆ ಎದುರಾಗಿ ಕಾಲು ಬಡಿಯಲು ಹೋದವರಿಗೆ. ಗೈಡ್ ಮುಂದಿದ್ದರೆ ಅವನ ಹಿಂದೆ ಹೋಗಿ, ಅಷ್ಟೇ. ಆದರೆ ಕಾಲಿಗೆ ನೆಲ ಸಿಗಲೇಬೇಕು ಅನ್ನುವವರಿಗೆ ಈ ಎರಡು ಜಾಗವೂ ಹಿಡಿಸುವುದಿಲ್ಲ.

ಎಲ್ ಸಿಯೆಲೊ ಬೇರೆ ಥರ. ಬಿಳಿ ಮರಳಿನ ಮೇಲೆ ಆಳವಿಲ್ಲದ ನೀರು, ತಳದಲ್ಲಿ ಅಂಗೈಗಿಂತ ದೊಡ್ಡ ನಕ್ಷತ್ರ ಮೀನುಗಳು. ದಯವಿಟ್ಟು ಅವನ್ನು ಫೋಟೋಗಾಗಿ ನೀರಿನಿಂದ ಎತ್ತಬೇಡಿ, ಅವಕ್ಕೆ ಜೀವಕ್ಕೇ ಅಪಾಯ. ಯಾರಾದರೂ ಗೈಡ್ ಎತ್ತಿಕೊಡಲು ಬಂದರೆ ಬೇಡ ಅನ್ನಿ. ಎಲ್ ಸಿಯೆಲೊದಲ್ಲಿ ಹವಳ ಇಲ್ಲ, ಮೀನೂ ಕಡಿಮೆ. ಆದರೆ ನೀರಿಗೆ ಹೆದರುವವರಿಗೆ ಆ ಶಾಂತವಾದ ತಿಳಿ ನೀರು ಇಷ್ಟವಾಗಬಹುದು. ಕೆಲವು ಬೋಟ್‌ಗಳಲ್ಲಿ ತಿಂಡಿ ಕೊಡುತ್ತಾರೆ. ಸಸ್ಯಾಹಾರಿಗಳು ಗಮನಿಸಿ: ಸೆವಿಚೆ ಅಂತ ಕೊಡುವುದು ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ನೋಡಲು ಈರುಳ್ಳಿ ಟೊಮೆಟೊ ಕೋಸಂಬರಿ ಅನ್ನಿಸಬಹುದು. ಚಿಪ್ಸ್, ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ), ಹಣ್ಣು ತಿನ್ನಬಹುದು.

ಮೂರನೆಯ ಆಯ್ಕೆ ಬೋಟೇ ಇಲ್ಲದ್ದು, ಚಾಂಕನಾಬ್ ಪಾರ್ಕ್. ಕಟ್ಟೆಯಿಂದ ಟ್ಯಾಕ್ಸಿಯಲ್ಲಿ ಹತ್ತಿರ. ದಡದಿಂದ ನೀರಿಗಿಳಿಯಲು ಮೆಟ್ಟಿಲು ಕಟ್ಟಿದ್ದಾರೆ. ಸ್ನಾನಕ್ಕೆ, ಬಟ್ಟೆ ಬದಲಿಸಲು ಜಾಗ ಇದೆ, ಲಾಕರ್ ಇದೆ, ಬಾಡಿಗೆಗೆ ಮಾಸ್ಕ್ ಸಿಗುತ್ತದೆ, ಹೋಟೆಲ್ ಇದೆ. ಪಲಾಂಕಾರ್‌ನಷ್ಟು ಹವಳ ಇಲ್ಲಿ ಸಿಗುವುದಿಲ್ಲ. ಆದರೂ ಮೆಟ್ಟಿಲಿಳಿದ ಸ್ವಲ್ಪ ದೂರದಲ್ಲೇ ಗಿಳಿಮೀನುಗಳ ಗುಂಪು ಕಾಣುತ್ತದೆ. ಕಿವಿ ನೀರಿನೊಳಗಿದ್ದರೆ ಅವು ಬಂಡೆಯನ್ನು ಕಟಕಟ ಕಡಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮಕ್ಕಳಿಗೆ ಈ ಸದ್ದಿನ ಬಗ್ಗೆ ಮೊದಲೇ ಹೇಳಿಡಿ, ಅವರು ನೀರಿಗಿಳಿದ ಕೂಡಲೇ ಅದನ್ನೇ ಹುಡುಕುತ್ತಾರೆ.

ಮೂರು ತಲೆಮಾರು ಒಟ್ಟಿಗೆ ಹೋಗಿದ್ದರೆ ಕೊಜುಮೆಲ್‌ನಲ್ಲಿ ನಾನು ಆರಿಸುವುದು ಚಾಂಕನಾಬ್. ಈಜು ಬರುವವರಷ್ಟೇ ಇದ್ದರೆ ಸಣ್ಣ ಬೋಟ್, ಪಲಾಂಕಾರ್.

ರೊಟಾನ್: ದಡದಿಂದಲೇ ನಿಜವಾದ ಹವಳ

ಹೊಂಡುರಾಸ್‌ನ ರೊಟಾನ್ ದ್ವೀಪದ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ದಡದ ಆರಾಮ, ಬೋಟ್ ಟ್ರಿಪ್‌ನ ಹವಳ ಎರಡೂ ಒಂದೇ ಕಡೆ ಸಿಗುವ ಜಾಗ ಇದು. ದ್ವೀಪದ ಪಶ್ಚಿಮ ತುದಿಯ ವೆಸ್ಟ್ ಬೇ ಬೀಚ್‌ನಲ್ಲಿ ಹವಳದ ಸಾಲು ದಡಕ್ಕೆ ಹತ್ತಿರ ಬರುತ್ತದೆ. ಬೀಚ್‌ನ ದಕ್ಷಿಣ ತುದಿಯಲ್ಲಿ, ಕಪ್ಪು ಬಂಡೆಗಳ ಪಕ್ಕದಲ್ಲಿ, ತುಂಬ ಹತ್ತಿರ. ಮರಳಿನಿಂದ ಇಳಿದು ಸ್ವಲ್ಪ ಕಾಲು ಬಡಿದರೆ ಹವಳದ ಮೇಲೆ ಇರುತ್ತೀರಿ.

ಹಡಗುಗಳು ಇಲ್ಲಿ ಎರಡು ಕಡೆ ನಿಲ್ಲುತ್ತವೆ. ಒಂದು ಕಾಕ್ಸನ್ ಹೋಲ್ ಊರಿನ ಬಂದರು, ಇನ್ನೊಂದು ಮಹಾಗನಿ ಬೇ ಅಂತ ಎಲ್ಲರೂ ಕರೆಯುತ್ತಾ ಬಂದ ಬಂದರು. ಎರಡೂ ಕಡೆ ಹಡಗು ಕಟ್ಟೆಗೇ ಬರುತ್ತದೆ. ವೆಸ್ಟ್ ಬೇಗೆ ವ್ಯಾನ್‌ನಲ್ಲಿ ಸುಮಾರು ಅರ್ಧ ಗಂಟೆ, ರಸ್ತೆ ಅಂಕುಡೊಂಕು. ಬೀಚ್ ಪಕ್ಕದ ರೆಸಾರ್ಟ್‌ಗಳು ಒಂದು ದಿನದ ಪಾಸ್ ಕೊಡುತ್ತವೆ: ಕುರ್ಚಿ, ನೆರಳು, ಸ್ನಾನದ ಜಾಗ, ಊಟ. ಅಜ್ಜಿ ತಾತ ಅಲ್ಲಿ ಆರಾಮಾಗಿ ಕೂತಿರಲಿ, ಉಳಿದವರು ಪಾಳಿಯ ಮೇಲೆ ನೀರಿಗೆ ಹೋಗಿ ಬರಲಿ.

ಎರಡು ವಿಷಯ ನೆನಪಿಡಿ. ವೆಸ್ಟ್ ಬೇ ದಡಕ್ಕೆ ವಾಟರ್ ಟ್ಯಾಕ್ಸಿಗಳು ಬಂದು ಹೋಗುತ್ತವೆ. ಈಜುವ ಜಾಗವನ್ನು ತೇಲುಗುಂಡು ಕಟ್ಟಿ ಗುರುತು ಮಾಡಿರುತ್ತಾರೆ. ಅದರ ಆಚೆ ಒಬ್ಬರೇ ಹೋಗಬೇಡಿ. ಮರಳಿನ ಮೇಲೆ ಸಣ್ಣ ಮರಳುನೊಣಗಳ ಕಾಟ ಇದೆ, ಕಚ್ಚಿದರೆ ಎರಡು ಮೂರು ದಿನ ತುರಿಕೆ. ಕಾಲಿಗೆ ಕ್ರೀಮ್ ಹಚ್ಚಿಕೊಂಡು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತರೆ ಒಳ್ಳೆಯದು.

ಗ್ರ್ಯಾಂಡ್ ಕೇಮನ್: ಮುಖ ಮುಳುಗಿಸದವರಿಗೆ

ಇಲ್ಲಿನ ಸ್ಟಿಂಗ್‌ರೇ ಸಿಟಿ ಮರಳದಿಬ್ಬ ಕ್ರೂಸ್‌ನವರಿಗೆಲ್ಲ ಗೊತ್ತು. ನಾರ್ತ್ ಸೌಂಡ್ ಅನ್ನುವ ಅಗಲವಾದ ಕೊಲ್ಲಿಯ ಬಾಯಲ್ಲಿ, ಸೊಂಟದಿಂದ ಎದೆಮಟ್ಟದ ನೀರಿನಲ್ಲಿ, ನಮ್ಮ ಕರಾವಳಿಯವರು ತೊರಕೆ ಅನ್ನುವ ಜಾತಿಯ ಮೀನುಗಳು ಜನರ ಮಧ್ಯೆ ಸುತ್ತುತ್ತವೆ. ಹಿಂದೆ ಮೀನುಗಾರರು ಈ ಶಾಂತವಾದ ನೀರಿಗೆ ಬಂದು ಮೀನು ಹೆಚ್ಚಿ, ಉಳಿದದ್ದನ್ನು ಎಸೆಯುತ್ತಿದ್ದರು. ಅದನ್ನು ತಿನ್ನಲು ಬಂದ ತೊರಕೆಗಳು ಇಲ್ಲೇ ಉಳಿದವು. ಹೆಣ್ಣು ತೊರಕೆ ಗಂಡಿಗಿಂತ ತುಂಬ ದೊಡ್ಡದು, ಅಗಲ ಒಂದೂವರೆ ಮೀಟರ್‌ವರೆಗೂ ಬೆಳೆಯುತ್ತದೆ. ಅದರ ಹೊಟ್ಟೆ ನಿಮ್ಮ ಕಾಲಿಗೆ ಸವರಿಕೊಂಡು ಹೋದರೆ ನೆನೆದ ಅಣಬೆಯಂತೆ ಮೆತ್ತಗೆ, ಜಾರು ಜಾರು. ಬಾಲದಲ್ಲಿ ವಿಷದ ಮುಳ್ಳು ಇದೆ. ಹೆಚ್ಚಾಗಿ ತುಳಿದಾಗಲೇ ತೊಂದರೆ, ಅದಕ್ಕೇ ಕಾಲೆತ್ತಿ ನಡೆಯಬಾರದು, ಮರಳಿನ ಮೇಲೆ ಕಾಲು ಎಳೆಯುತ್ತಾ ನಡೆಯಬೇಕು. ಅವನ್ನು ನೀರಿನಿಂದ ಎತ್ತುವುದಕ್ಕೆ ಅಲ್ಲಿನ ಕಾನೂನು ಬಿಡುವುದಿಲ್ಲ.

ಈಜು ಬಾರದವರಿಗೆ ಇದು ಚೆನ್ನ. ಆದರೆ ಇದನ್ನು ಸ್ನಾರ್ಕೆಲಿಂಗ್ ಅನ್ನುವುದು ಕಷ್ಟ. ಹವಳ ಬೇಕು ಅನ್ನುವವರು ಕೋರಲ್ ಗಾರ್ಡನ್ಸ್‌ನಲ್ಲೂ ನಿಲ್ಲುವ ಟ್ರಿಪ್ ಹುಡುಕಿ.

ಆರಾಮದ ಲೆಕ್ಕದಲ್ಲಿ ಗ್ರ್ಯಾಂಡ್ ಕೇಮನ್‌ನ ನಿಜವಾದ ಸಮಸ್ಯೆ ಮೀನಲ್ಲ, ಹತ್ತಿ ಇಳಿಯುವ ಕೆಲಸ. ಜಾರ್ಜ್ ಟೌನ್‌ನಲ್ಲಿ ದೊಡ್ಡ ಹಡಗಿಗೆ ಕಟ್ಟೆ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ದೋಣಿಯಲ್ಲಿ ದಡಕ್ಕೆ ಬರಬೇಕು. ಅಲ್ಲಿಂದ ಬಸ್, ಬಸ್‌ನಿಂದ ಬೋಟ್, ಬೋಟ್‌ನಿಂದ ನೀರು. ವಾಪಸ್ ಬರುವಾಗ ಇದೆಲ್ಲ ತಿರುಗಾಮುರುಗಾ ಇನ್ನೊಮ್ಮೆ. ಮಂಡಿನೋವಿನವರಿಗೆ ಇದು ಸ್ನಾರ್ಕೆಲಿಂಗ್‌ಗಿಂತ ಜಾಸ್ತಿ ದಣಿವು. ಟೆಂಡರ್ ಇಳಿದ ಜಾಗದಿಂದ ನಡೆದುಹೋಗುವಷ್ಟು ಹತ್ತಿರ ಈಡನ್ ರಾಕ್ ಅನ್ನುವ ಹವಳದ ಜಾಗ ಇದೆ. ಬಸ್ಸೂ ಬೇಡ, ಬೋಟೂ ಬೇಡ, ಬಂಡೆಯ ಪಕ್ಕದ ಏಣಿ ಇಳಿದರೆ ಆಳದ ನೀರು. ಈಜು ಚೆನ್ನಾಗಿ ಬರುವವರಿಗೆ ಮಾತ್ರ.

ಬೆಲೀಜ್, ಮತ್ತೆ ಉಳಿದವು

ಬೆಲೀಜ್‌ನ ಹವಳದ ಸಾಲು 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿನ ಹೋಲ್ ಚಾನ್ ಕಾಯ್ದಿಟ್ಟ ಪ್ರದೇಶ 1987ರಲ್ಲಿ ಆದದ್ದು. ನರ್ಸ್ ಶಾರ್ಕ್, ತೊರಕೆ, ಆಮೆ ಎಲ್ಲ ಒಟ್ಟಿಗೆ ಕಾಣುವ ಜಾಗ. ನೋಡಲು ಇದಕ್ಕಿಂತ ಚೆನ್ನಾಗಿರುವುದು ಈ ಪಟ್ಟಿಯಲ್ಲಿ ಇಲ್ಲ ಅಂದರೂ ತಪ್ಪಿಲ್ಲ. ಆದರೆ ಬೆಲೀಜ್ ಸಿಟಿಯ ಬಳಿ ನೀರು ಆಳವಿಲ್ಲದ್ದರಿಂದ ಹಡಗು ತುಂಬ ದೂರ ನಿಲ್ಲುತ್ತದೆ. ಟೆಂಡರ್‌ನಲ್ಲೇ ಸಾಕಷ್ಟು ಹೊತ್ತು, ಆಮೇಲೆ ಹೋಲ್ ಚಾನ್‌ಗೆ ವೇಗದ ಬೋಟ್‌ನಲ್ಲಿ ಇನ್ನೂ ಬಹಳ ಹೊತ್ತು. ಅಲೆ ಇದ್ದ ದಿನ ಆ ಬೋಟ್‌ನಲ್ಲಿ ಬೆನ್ನು ನುಗ್ಗಾಗುತ್ತದೆ. ಬೆನ್ನುನೋವು ಇರುವವರು, ಬಸುರಿಯರು, ಚಿಕ್ಕ ಮಕ್ಕಳು ಬೇಡವೇ ಬೇಡ. ಸ್ವಲ್ಪ ಹತ್ತಿರದ ಗಾಫ್ಸ್ ಕೇ ಅನ್ನುವ ಪುಟ್ಟ ಮರಳ ದ್ವೀಪದ ಟ್ರಿಪ್ ಅವರಿಗೆ ಪರವಾಗಿಲ್ಲ.

ದಕ್ಷಿಣ ಕೆರಿಬಿಯನ್ ಕಡೆಯ ಕ್ರೂಸ್ ಆದರೆ ಬೊನೇರ್ ಬಂದರೆ ಬಿಡಬೇಡಿ. 1979ರಿಂದ ಆ ದ್ವೀಪದ ಸುತ್ತಲಿನ ಸಮುದ್ರವೆಲ್ಲ ಸಂರಕ್ಷಿತ. ಹಡಗು ಊರ ನಡುವೆಯೇ ನಿಲ್ಲುತ್ತದೆ, ಎದುರಿನ ಕ್ಲೈನ್ ಬೊನೇರ್ ದ್ವೀಪಕ್ಕೆ ವಾಟರ್ ಟ್ಯಾಕ್ಸಿ ಇದೆ. ಅರೂಬಾದಲ್ಲಿ 1940ರಲ್ಲಿ ಮುಳುಗಿಸಿದ ಜರ್ಮನ್ ಸರಕು ಹಡಗು ಆಂಟಿಲಾವನ್ನು ಕ್ಯಾಟಮರಾನ್‌ನಿಂದ ಇಳಿದು ನೋಡಬಹುದು. ಪೂರ್ವದಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳಿಗೆ ಸೇರಿದ ಸೇಂಟ್ ಥಾಮಸ್‌ನಲ್ಲಿ ಕೋಕಿ ಬೀಚ್ ದಡದ ಸ್ನಾರ್ಕೆಲಿಂಗ್‌ಗೆ ಸುಲಭ. ಪಕ್ಕದ ಸೇಂಟ್ ಜಾನ್‌ನ ಟ್ರಂಕ್ ಬೇಯಲ್ಲಿ ನೀರಿನೊಳಗೆ ಫಲಕ ನೆಟ್ಟು ದಾರಿ ಮಾಡಿದ್ದಾರೆ, ಓದಿಕೊಂಡು ಈಜಬಹುದು. ಆದರೆ ಅಲ್ಲಿಗೆ ಫೆರ್ರಿ ಹತ್ತಬೇಕು.

ಒಂದು ಮಾತು. ನಾಲ್ಕು ಬಂದರಿಗೂ ಸ್ನಾರ್ಕೆಲಿಂಗ್ ಬುಕ್ ಮಾಡುವ ಉತ್ಸಾಹ ಬೇಡ. ಉಪ್ಪುನೀರು, ಬಿಸಿಲು, ಬೋಟ್ ಮೂರೂ ಸೇರಿದರೆ ಮಾರನೆಯ ದಿನ ಎಲ್ಲರೂ ಸುಸ್ತು. ಚೆನ್ನಾಗಿರುವ ಒಂದು, ಹೆಚ್ಚೆಂದರೆ ಎರಡು ಸಾಕು.

ಹಡಗಿನವರಿಂದಲೇ ಕೊಳ್ಳಬೇಕೇ?

ಅದೇ ಟ್ರಿಪ್ ಹೊರಗೆ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತದೆ, ಗುಂಪೂ ಚಿಕ್ಕದಿರುತ್ತದೆ. ಹಡಗಿನವರ ಟ್ರಿಪ್‌ನಲ್ಲಿ ಸಿಗುವುದು ನೆಮ್ಮದಿ. ಅವರ ಬೋಟ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ. ನೀವೇ ಹೊರಗೆ ಬುಕ್ ಮಾಡಿದ್ದು ತಡವಾದರೆ ಹಡಗು ಹೊರಟೇ ಹೋಗುತ್ತದೆ. ಟೆಂಡರ್ ಬಂದರುಗಳಲ್ಲಿ ಹಡಗಿನ ಟ್ರಿಪ್‌ನವರನ್ನು ಮೊದಲು ಇಳಿಸುತ್ತಾರೆ, ಉಳಿದವರು ಟಿಕೆಟ್ ತೆಗೆದುಕೊಂಡು ಕಾಯಬೇಕು.

ಹಾಗಾಗಿ ನನ್ನ ಲೆಕ್ಕ ಹೀಗೆ. ಕಟ್ಟೆಗೆ ಹಡಗು ಬರುವ ಕೊಜುಮೆಲ್, ರೊಟಾನ್‌ನಲ್ಲಿ ಹೊರಗಿನವರು ಆಗಬಹುದು. ಟೆಂಡರ್ ಇರುವ ಗ್ರ್ಯಾಂಡ್ ಕೇಮನ್, ಬೆಲೀಜ್‌ನಲ್ಲಿ ಹಡಗಿನವರ ಟ್ರಿಪ್ಪೇ ಸರಿ, ಸ್ವಲ್ಪ ಜಾಸ್ತಿ ದುಡ್ಡು ಹೋದರೂ.

ಹೊರಗೆ ಬುಕ್ ಮಾಡುವವರು ಗಡಿಯಾರದ ಬಗ್ಗೆ ಹುಷಾರು. ಕೊಜುಮೆಲ್, ಗ್ರ್ಯಾಂಡ್ ಕೇಮನ್ ವರ್ಷವಿಡೀ ಒಂದೇ ಸಮಯದಲ್ಲಿರುತ್ತವೆ, ಅಮೆರಿಕದಂತೆ ಬೇಸಿಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲ. ಬೆಲೀಜ್, ರೊಟಾನ್ ಕೂಡ ಬದಲಿಸುವುದಿಲ್ಲ, ಆದರೆ ಇವು ಅವಕ್ಕಿಂತ ಒಂದು ಗಂಟೆ ಹಿಂದೆ. ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್‌ನಿಂದ ಹೊರಟರೆ ಕೊಜುಮೆಲ್ ನಿಮಗಿಂತ ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ ಮಯಾಮಿಯಿಂದ ಹೊರಟರೆ ಒಂದು ಗಂಟೆ ಹಿಂದೆ. ಹಡಗು ಕೆಲವೊಮ್ಮೆ ತನ್ನ ಸಮಯವನ್ನೇ ಇಟ್ಟುಕೊಳ್ಳುತ್ತದೆ. ಫೋನ್ ತಾನಾಗೇ ಸ್ಥಳೀಯ ಸಮಯಕ್ಕೆ ತಿರುಗುತ್ತದೆ, ಅದನ್ನು ನಂಬಬೇಡಿ. ಕೈಗಡಿಯಾರ ಒಂದನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡು ಇಳಿಯಿರಿ.

ಬುಕ್ ಮಾಡುವ ಮುಂಚೆ ಇಷ್ಟು ಕೇಳಿ: ಮೂರೂವರೆ ಗಂಟೆಯ ಟ್ರಿಪ್ ಅಂದರೆ ಅದರಲ್ಲಿ ನೀರಿನಲ್ಲಿ ಇರುವುದು ಎಷ್ಟು ಹೊತ್ತು? ಇಳಿಯುವ ಜಾಗದ ಆಳ ಎಷ್ಟು? ಗೈಡ್ ನೀರಿಗೆ ಇಳಿಯುತ್ತಾನೋ, ಬೋಟ್‌ನಲ್ಲೇ ನಿಂತು ಕೈ ತೋರಿಸುತ್ತಾನೋ? ಚಿಕ್ಕ ಮಕ್ಕಳ ಅಳತೆಯ ಮಾಸ್ಕ್ ಇದೆಯೇ? ಹೃದಯದ ತೊಂದರೆ, ಅಸ್ತಮಾ, ಬಿಪಿ ಬಗ್ಗೆ ಫಾರಂ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ನಿಜವನ್ನೇ ಬರೆಯಿರಿ. ಕೊಳವೆಯಲ್ಲಿ ಉಸಿರಾಡುವುದು ಮಾಮೂಲಿ ಉಸಿರಿಗಿಂತ ಶ್ರಮದ ಕೆಲಸ. ಹೃದಯದ ತೊಂದರೆ ಇರುವ ಹಿರಿಯರು ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು.

ಮಾಸ್ಕ್ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ

ಮೊದಲ ಸಲ ಸ್ನಾರ್ಕೆಲಿಂಗ್ ಮಾಡಿದ ಎಷ್ಟೋ ಜನ ನನಗಿದು ಆಗಲ್ಲ ಅನ್ನುತ್ತಾರೆ. ಕಾರಣ ವಿಚಾರಿಸಿದರೆ ಮಾಸ್ಕ್‌ಗೆ ನೀರು ನುಗ್ಗಿರುತ್ತದೆ. ನೋಡುವುದು ಹೀಗೆ: ಪಟ್ಟಿ ತಲೆಗೆ ಹಾಕದೆ, ಮಾಸ್ಕನ್ನು ಬರೀ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಒಳಗೆಳೆಯಿರಿ. ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿಕೊಂಡಿದ್ದರೆ ನಿಮ್ಮ ಅಳತೆ ಅದೇ. ಬಿದ್ದರೆ ಇನ್ನೊಂದು ಕೇಳಿ. ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು. ಬಿಗಿ ಜಾಸ್ತಿಯಾದರೆ ರಬ್ಬರ್ ಸೊಟ್ಟಗಾಗಿ ಇನ್ನೂ ಸೋರುತ್ತದೆ. ಮಾಸ್ಕ್ ಅಂಚಿನ ಕೆಳಗೆ ಒಂದು ಕೂದಲೂ ಸಿಕ್ಕಿರಬಾರದು. ಮೀಸೆ ಇರುವವರಿಗೆ ಮೂಗಿನ ಕೆಳಗಿಂದ ಸ್ವಲ್ಪ ನೀರು ಬರುತ್ತದೆ, ಅಲ್ಲಿ ವ್ಯಾಸಲೀನ್ ಹಚ್ಚಿಕೊಂಡರೆ ಕಡಿಮೆಯಾಗುತ್ತದೆ. ಗಾಜು ಮಂಜಾಗದ ಹಾಗೆ ಒಳಗೆ ಉಗುಳು ಸವರಿ ತೊಳೆಯುತ್ತಾರೆ, ಅಥವಾ ಒಂದು ಹನಿ ಬೇಬಿ ಶಾಂಪೂ.

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ನೀರಿನಲ್ಲಿ ವಸ್ತುಗಳು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಕಡಿಮೆ ಪವರ್ ಇರುವವರಿಗೆ ಹಾಗೇ ನಡೆಯುತ್ತದೆ. ಜಾಸ್ತಿ ಮೈನಸ್ ಪವರ್ ಇದ್ದರೆ ಪವರ್ ಗಾಜಿನ ಮಾಸ್ಕ್ ಮೊದಲೇ ಕೊಂಡುಕೊಳ್ಳಿ, ಬೋಟ್‌ನಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹೊಸಬರಿಗೆ ಸುಲಭ ಅನ್ನಿಸಬಹುದು. ಆದರೆ ಅದನ್ನು ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಳಗೆ ನೀರು ಬಂದರೆ ಬಾಯಿಂದ ಊದಿ ಹೊರಹಾಕಲು ಆಗುವುದಿಲ್ಲ, ಗಾಬರಿಯಾದಾಗ ತಟ್ಟನೆ ಕಿತ್ತೆಸೆಯುವುದೂ ಕಷ್ಟ. ಹೊರಡುವ ಮುಂಚೆ ಹತ್ತಿರದ ಪೂಲ್‌ನಲ್ಲಿ ನಿಂತ ನೀರಿನಲ್ಲೇ ಅಭ್ಯಾಸ ಮಾಡಿಸಿ. ಬಾಯಿಂದ ನಿಧಾನವಾಗಿ ಉಸಿರಾಡುವುದು ಒಮ್ಮೆ ರೂಢಿಯಾದರೆ ಅರ್ಧ ಭಯ ಹೋಗುತ್ತದೆ.

ಲೈಫ್ ಜಾಕೆಟ್ ಹಾಕಿಕೊಳ್ಳಲು ನಾಚಿಕೆ ಪಡಬೇಡಿ. ಗಾಳಿ ಊದುವ ತೆಳು ಜಾಕೆಟ್ ಮುಖ ಕೆಳಗೆ ಮಾಡಿ ತೇಲಲು ಅನುಕೂಲ. ಈಜು ಬಾರದವರು ದಪ್ಪ ಫೋಮ್ ಜಾಕೆಟ್ ಕೇಳಿ ಪಡೆಯಲಿ.

ಬಟ್ಟೆ, ಎಣ್ಣೆ, ಬಿಸಿಲು

ಉದ್ದ ತೋಳಿನ ಈಜು ಅಂಗಿ, ಲೆಗ್ಗಿಂಗ್ಸ್ ಹಾಕಿಕೊಳ್ಳಿ. ಮೈ ಮುಚ್ಚಿಕೊಂಡು ಇಳಿದರೆ ಯಾರೇನು ಅಂದುಕೊಳ್ಳುತ್ತಾರೋ ಅನ್ನುವ ಸಂಕೋಚ ನಮ್ಮ ಹೆಣ್ಣುಮಕ್ಕಳಿಗೆ ಇರುತ್ತದೆ. ಅಲ್ಲಿ ಗೈಡ್‌ಗಳೇ ಹಾಗೆ ಇಳಿಯುತ್ತಾರೆ, ಯಾಕೆಂದರೆ ಬೆನ್ನು ಮೇಲೆ ಮಾಡಿ ತೇಲುವಾಗ ಬಿಸಿಲು ಸುಡುವುದು ಗೊತ್ತೇ ಆಗುವುದಿಲ್ಲ. ಚೂಡಿದಾರ, ಹತ್ತಿ ಬಟ್ಟೆ ಬೇಡ, ನೆನೆದರೆ ಭಾರವಾಗಿ ಕೆಳಗೆಳೆಯುತ್ತದೆ. ಅಂದು ತಲೆಗೆ ಎಣ್ಣೆ ಹಚ್ಚಬೇಡಿ, ಮಾಸ್ಕ್ ಪಟ್ಟಿ ಜಾರುತ್ತದೆ, ನೀರಿಗೂ ಸೇರುತ್ತದೆ. ಉದ್ದ ಕೂದಲಿಗೆ ಬಿಗಿ ಜಡೆ. ತಾಳಿಸರ, ಬಳೆ, ಉಂಗುರ ಹಡಗಿನ ರೂಮಿನ ಲಾಕರ್‌ನಲ್ಲಿರಲಿ. ತಂಪು ನೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುವುದು ಮಾಮೂಲು.

ಸನ್‌ಸ್ಕ್ರೀನ್ ವಿಷಯದಲ್ಲಿ ದ್ವೀಪಗಳು ಬಿಗಿಯಾಗಿವೆ. ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇರುವುದನ್ನು ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲಿ, ಬೊನೇರ್ 2021ರಲ್ಲಿ ನಿಷೇಧಿಸಿದವು. ಕೊಜುಮೆಲ್‌ನ ಉದ್ಯಾನದಲ್ಲೂ ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಬೇಡಿ ಅನ್ನುತ್ತಾರೆ. ಇದು ಸುಮ್ಮನೆ ಮಾಡಿದ ನಿಯಮವಲ್ಲ. 2018ರ ನಂತರ ಒಂದು ಹವಳದ ರೋಗ ಕೊಜುಮೆಲ್‌ನ ಎಷ್ಟೋ ಹವಳವನ್ನು ಕೊಂದಿದೆ. ಉಳಿದಿರುವುದರ ಮೇಲೆ ಕಾಲಿಡಬೇಡಿ, ಮುಟ್ಟಬೇಡಿ. ಸುಸ್ತಾದರೆ ನಿಲ್ಲಲು ಹವಳ ಹುಡುಕುವ ಬದಲು ಬೆನ್ನ ಮೇಲೆ ಮಲಗಿ ತೇಲಿ, ಕೈಯೆತ್ತಿ ಗೈಡ್‌ನ ಕರೆಯಿರಿ.

ವಾಕರಿಕೆ ಬರುವವರು ಬೋಟ್ ಹೊರಡುವ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು, ಬಂದ ಮೇಲೆ ಪ್ರಯೋಜನವಿಲ್ಲ. ಊರಿಂದ ತಂದ ಅವೊಮಿನ್ ಆಗಲಿ, ಅಲ್ಲಿ ಸಿಗುವ ಬೊನೀನ್ ಆಗಲಿ, ಎರಡೂ ನಿದ್ದೆ ತರಬಹುದು. ಬೇರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರದಿಂದ ತಣ್ಣನೆಯ ಗಾಳಿ ಆಗಾಗ ನುಗ್ಗುತ್ತದೆ. ಕೊಜುಮೆಲ್‌ನಲ್ಲಿ ಇದಕ್ಕೆ ನೋರ್ತೆ ಅನ್ನುತ್ತಾರೆ. ಅಂಥ ದಿನ ಬಂದರಿನ ಅಧಿಕಾರಿಗಳು ಸಣ್ಣ ಬೋಟ್‌ಗಳನ್ನು ಸಮುದ್ರಕ್ಕೆ ಬಿಡುವುದಿಲ್ಲ. ವೆಸ್ಟ್ ಬೇಯಲ್ಲೂ ಅಲೆ ಏಳುತ್ತದೆ. ಕೇಮನ್‌ನಲ್ಲಿ ಟೆಂಡರ್‌ಗಳನ್ನು ದಕ್ಷಿಣದ ಸ್ಪಾಟ್ಸ್ ಕಡೆಗೆ ತಿರುಗಿಸುತ್ತಾರೆ, ಇಲ್ಲವೇ ಬಂದರನ್ನೇ ಬಿಟ್ಟು ಹೋಗುತ್ತಾರೆ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಮಾರ್ಚ್ ಕೊನೆ, ಏಪ್ರಿಲ್, ಮೇ ನನ್ನ ಆಯ್ಕೆ. ಆಗ ಪೂರ್ವಕ್ಕೆ ಮುಖ ಮಾಡಿದ, ಮೆಕ್ಸಿಕೋದ ಕೋಸ್ಟಾ ಮಾಯಾದಂಥ ದಡಗಳಿಗೆ ಸರ್ಗಾಸಮ್ ಪಾಚಿ ರಾಶಿ ಬಂದು ಬೀಳಬಹುದು. ಕೊಜುಮೆಲ್‌ನ ಪಶ್ಚಿಮ ದಡಕ್ಕೆ ಅದರ ಕಾಟ ಕಡಿಮೆ.

ಗಾಳಿಯಿಂದ ಹಡಗು ಬಂದರಿಗೆ ಹೋಗದೇ ಇದ್ದರೆ ಹಡಗಿನವರ ಟ್ರಿಪ್‌ನ ದುಡ್ಡು ತಾನಾಗೇ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಹೊರಗೆ ಬುಕ್ ಮಾಡುವಾಗ, ಹಡಗು ಬರದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ಮುಂಗಡ ಕೇಳುವವರಿಗಿಂತ, ಸ್ವಲ್ಪ ಮುಂಗಡ ಪಡೆದು ಉಳಿದದ್ದನ್ನು ಬೋಟ್ ಹತ್ತುವಾಗ ತೆಗೆದುಕೊಳ್ಳುವವರ ಹತ್ತಿರ ಬುಕ್ ಮಾಡುವುದು ಒಳ್ಳೆಯದು.